ಸಿನಾಪ್ಟಿಕ್ ತೆರೆಯೋಕೆ ಸುಡೋ ಬೇಡ

ಎಲ್ಲರಿಗೂ ನಮಸ್ಕಾರ. ಜಯನಗರದ ಲ್ಯಾಬಿನ ಉಬುಂಟು ಮೆಷಿನ್‌ಗಳ ಬಗ್ಗೆ ಒಂದು ಮಾತು. ಸಿನಾಪ್ಟಿಕ್ (ಪ್ರೋಗ್ರಾಂ ಹಾಕುವ, ತೆಗೆಯುವ ಟೂಲ್), ಜಿಪಾರ್ಟೆಡ್ (ಡಿಸ್ಕ್ ಭಾಗ ಮಾಡುವ ಟೂಲ್) ತರಹದ ಕಿಟಕಿ ಇರುವ ಟೂಲ್‌ಗಳನ್ನು ಟರ್ಮಿನಲ್‌ನಿಂದ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿ ತೆರೆಯಬೇಡಿ, ಮೆನುವಿನಿಂದಲೇ ತೆರೆಯಿರಿ. ಆಗ ಪೋಲ್‌ಕಿಟ್, ಅಂದರೆ ಯಾರಿಗೆ ಅಡ್ಮಿನ್ ಅನುಮತಿ ಕೊಡಬೇಕು ಅಂತ ನೋಡಿಕೊಳ್ಳುವ ವ್ಯವಸ್ಥೆ, ಪಾಸ್‌ವರ್ಡ್ ಕೇಳುತ್ತದೆ.

ಅದು ನಿಮ್ಮ ಹೆಸರು ಬಿಟ್ಟು ಬೇರೆಯವರ ಪಾಸ್‌ವರ್ಡ್ ಕೇಳಿದರೆ ಗಾಬರಿ ಬೇಡ, ನೀವು ಸುಡೋ ಗ್ರೂಪಿನಲ್ಲಿ (ಅಡ್ಮಿನ್ ಅಧಿಕಾರ ಇರುವವರ ಪಟ್ಟಿಯಲ್ಲಿ) ಇಲ್ಲ ಅಂತ ಅರ್ಥ, ಅಷ್ಟೇ. ನನಗೆ ಹೇಳಿ, ಸೇರಿಸುತ್ತೇನೆ. ಆದರೆ ಆಮೇಲೆ ಒಮ್ಮೆ ಲಾಗೌಟ್ ಮಾಡಿ ಮತ್ತೆ ಬರಬೇಕು (ಇದನ್ನು ಮರೆತು ಹೋದ ವಾರ ನಾನೇ ಅರ್ಧ ಗಂಟೆ ತಲೆ ಕೆರೆದುಕೊಂಡೆ).

ಹಳೆಯ ಬರಹ ನೋಡಿ ಜಿಕೆಸುಡೋ (ಕಿಟಕಿ ಇರುವ ಟೂಲ್‌ಗಳಿಗೆಂದೇ ಇದ್ದ ಸುಡೋ) ಹುಡುಕಬೇಡಿ, 2018ರಲ್ಲೇ ಉಬುಂಟು ಅದನ್ನು ಕೈಬಿಟ್ಟಿದೆ. ಅದರ ಬದಲು ಸುಮ್ನೆ ಪಿಕೆಎಕ್ಸೆಕ್ (ಪೋಲ್‌ಕಿಟ್‌ನ ಸ್ವಂತ ಕಮಾಂಡ್) ಅಂತ ಹೊಡೆದರೂ ಎಷ್ಟೋ ಪ್ರೋಗ್ರಾಂ ತೆರೆಯೋದಿಲ್ಲ, ಯಾಕಂದ್ರೆ ಯಾವ ಪರದೆಯ ಮೇಲೆ ಕಿಟಕಿ ತೋರಿಸಬೇಕು ಅನ್ನೋ ಡಿಸ್‌ಪ್ಲೇ ಮಾಹಿತಿಯನ್ನು ಅದು ಮುಂದಕ್ಕೆ ದಾಟಿಸೋದಿಲ್ಲ, ಆ ಪ್ರೋಗ್ರಾಂನ ಪಾಲಿಸಿ ಫೈಲಿನಲ್ಲಿ (ಪೋಲ್‌ಕಿಟ್ ಓದುವ ನಿಯಮದ ಫೈಲ್) ಅನುಮತಿ ಬರೆದಿದ್ದರೆ ಮಾತ್ರ ದಾಟಿಸುತ್ತದೆ.

ಇನ್ನೊಂದು, ಅಪ್‌ಡೇಟ್ ತಪ್ಪಿಸಬೇಡಿ. 2022ರ ಜನವರಿಯಲ್ಲಿ ಬಯಲಾಯಿತಲ್ಲ ಪ್ವನ್‌ಕಿಟ್ ಅನ್ನೋ ಭದ್ರತಾ ದೋಷ, ಅದು ಇದೇ ಪಿಕೆಎಕ್ಸೆಕ್‌ನ ತೂತು. ಪಾಸ್‌ವರ್ಡೇ ಇಲ್ಲದೆ ರೂಟ್ (ಮೆಷಿನ್‌ನ ಪೂರ್ತಿ ಅಧಿಕಾರ ಇರುವ ಬಳಕೆದಾರ) ಆಗಬಹುದಿತ್ತು! ಮೂಲೆಯ ಹಳೇ ಮೆಷಿನ್‌ನಲ್ಲಿ ಕೂರುವವರು ಇವತ್ತೇ ಒಮ್ಮೆ ಅಪ್‌ಡೇಟ್ ಹೊಡೆದುಬಿಡಿ.