ಅತ್ತಿಮಬ್ಬೆ ಅಂತ ಒಮ್ಮೆ ಕರೆದು ನೋಡು

ಗೆಳೆಯಾ,

ಮಗಳು ಹುಟ್ಟಿದ ಸುದ್ದಿ, ಜೊತೆಗೆ ಆ ಫೋಟೋ, ಎರಡೂ ತಲುಪಿದವು. ಮುಷ್ಟಿ ಬಿಗಿ ಹಿಡಿದು ಮಲಗಿದ್ದಾಳೆ, ಹಣೆ ಥೇಟ್ ನಿಮ್ಮ ಅವ್ವನದ್ದೇ. ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ತುಂಬಾ ಖುಷಿಯಾಯಿತು ಮಾರಾಯ.

ನೀನು ಕೇಳಿದ್ದು ಎರಡು. 'ಅ'ದಿಂದ ಶುರುವಾಗುವ, ಯಾರೂ ಇಟ್ಟಿರದ ಒಂದು ಹೆಸರು ಹೇಳು ಅಂತ ಒಂದು. ನನ್ನ ಮಗಳಿಗೆ ಅತ್ತಿಮಬ್ಬೆ ಅಂತ ಹೆಸರಿಟ್ಟು ಒಂಬತ್ತು ವರ್ಷ ಆಯ್ತಲ್ಲ, ತೊಂದರೆ ಆಗಲಿಲ್ವಾ ಅಂತ ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಹೆಸರಿನಲ್ಲಿದೆ. ವಾಟ್ಸಾಪ್‌ನಲ್ಲಿ ತುಂಡು ತುಂಡಾಗಿ ಹೇಳುವ ವಿಷಯ ಇದಲ್ಲ ಅನಿಸಿತು. ಮಗುವಿಗೆ ಹೆಸರು ಹುಡುಕುತ್ತಾ ಕೂತಿರುವ ಬೇರೆಯವರೂ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಆ ಹೆಸರನ್ನು ನನಗೆ ತೋರಿಸಿದ್ದೇ ನೀನು. ನೆನಪಿದೆಯಾ? ಧಾರವಾಡದ ಹಾಸ್ಟೆಲ್ಲಿನಿಂದ ಒಂದು ಶನಿವಾರ ಗದಗಕ್ಕೆ ನಿಮ್ಮ ಮನೆಗೆ ಕರೆದುಕೊಂಡು ಹೋಗಿದ್ದೆ. ನಿಮ್ಮ ಅವ್ವ ರೊಟ್ಟಿ ಬಡಿಯುತ್ತಲೇ ಇದ್ದರು, ನಾನು ಎಣಗಾಯಿ ಜೊತೆ ತಿನ್ನುತ್ತಲೇ ಇದ್ದೆ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಲಕ್ಕುಂಡಿಗೆ ಹೋದೆವು. ಹನ್ನೆರಡು ಕಿಲೋಮೀಟರ್ ಇದ್ದೀತು. ನೂರೊಂದು ಗುಡಿ, ನೂರೊಂದು ಬಾವಿ ಇದ್ದ ಊರು ಅಂತ ದಾರಿಯುದ್ದಕ್ಕೂ ಹೇಳುತ್ತಿದ್ದೆ. ಎಲ್ಲ ಸುತ್ತಿ ಕೊನೆಗೆ ಬ್ರಹ್ಮಜಿನಾಲಯ ಅನ್ನುವ ಜೈನ ಬಸದಿಗೆ ಬಂದಾಗ ಬಿಸಿಲು ಏರಿತ್ತು, ಒಳಗೆ ಕಾಲಿಟ್ಟರೆ ತಣ್ಣಗೆ. ಆ ನಾಲ್ಕು ಮುಖದ ಬ್ರಹ್ಮನ ಮೂರ್ತಿಯ ಮುಂದೆ ನಿಂತಿದ್ದಾಗ ಅಲ್ಲಿ ಕಸ ಹೊಡೆಯುತ್ತಿದ್ದ ಅಜ್ಜ ಒಬ್ಬರು, ನಾವು ಕೇಳದಿದ್ದರೂ, "ಇದನ್ನ ಕಟ್ಟಿಸಿದಾಕಿ ಅತ್ತಿಮಬ್ಬೆ" ಅಂದರು.

ನನಗೆ ಕೇಳಿಸಿದ್ದು ಹೆಸರಿನ ಬಾಲ ಮಾತ್ರ. ಅಬ್ಬೆ. ನಮ್ಮ ಹವ್ಯಕರ ಮನೆಗಳಲ್ಲಿ ಅಮ್ಮನಿಗೆ ಅಬ್ಬೆ ಅನ್ನುತ್ತೇವೆ ಅಂತ ಅವತ್ತೇ ನಿನಗೆ ಹೇಳಿದೆ. ನೀನು ಹೂಂ ಅಂದು ಮುಂದೆ ಹೋದೆ. ನಾನು ಮಾತ್ರ ಅಲ್ಲೇ ಸಿಕ್ಕಿಹಾಕಿಕೊಂಡೆ. ಪುತ್ತೂರಿನ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿ, ಹಸಿವಾದಾಗ, ಬಿದ್ದು ಮಂಡಿ ತರಚಿದಾಗ ನಾನು ಕೂಗುತ್ತಿದ್ದ ಶಬ್ದ, ಸಾವಿರ ವರ್ಷ ಹಿಂದೆ, ಅಷ್ಟು ದೂರದ ಎರೆನೆಲದ ಊರಲ್ಲಿ, ಒಬ್ಬ ದೊಡ್ಡ ಹೆಂಗಸಿನ ಹೆಸರಾಗಿತ್ತು. ಮೈ ಜುಂ ಅಂದಿತ್ತು.

ಹೆಸರಿನ ಅರ್ಥ ಕೇಳಿದ್ದೀಯ. ಅಬ್ಬೆ ಅಂದರೆ ತಾಯಿ, ಹಳಗನ್ನಡದ ಮಾತು. ನೀನು ಕರೆಯುವ ಅವ್ವ ಅದರ ಒಡಹುಟ್ಟು. ಆ ಕಾಲದಲ್ಲಿ ಗಂಡಸರ ಹೆಸರಿನ ಕೊನೆಗೆ ಅಯ್ಯ ಬರುತ್ತಿತ್ತು, ಹೆಂಗಸರ ಹೆಸರಿನ ಕೊನೆಗೆ ಅಬ್ಬೆ. ಅವಳ ಮನೆಯಲ್ಲೇ ನೋಡು. ಅಜ್ಜ ನಾಗಮಯ್ಯ, ಅಪ್ಪ ಮಲ್ಲಪಯ್ಯ, ಚಿಕ್ಕಪ್ಪ ಪುನ್ನಮಯ್ಯ. ಹೆಣ್ಣುಮಕ್ಕಳು ಅತ್ತಿಮಬ್ಬೆ, ಗುಂಡಮಬ್ಬೆ. ಪಂಪನ ತಾಯಿ ಅಬ್ಬಣಬ್ಬೆ, ನಿಮ್ಮ ಅಣ್ಣಿಗೇರಿಯವಳು. ರನ್ನನ ತಾಯಿ ಅಬ್ಬಲಬ್ಬೆ. ಶಾಂತಲೆಯ ತಾಯಿ ಮಾಚಿಕಬ್ಬೆ. ಇವೆಲ್ಲ ಈಗ ಹಳೇ ಕಾಲದ ವಿಚಿತ್ರ ಹೆಸರು ಅನಿಸಬಹುದು. ಆದರೆ ನಿಮ್ಮ ಅಜ್ಜಿ ನೀಲವ್ವ, ಅವರ ತಂಗಿ ಗಂಗವ್ವ ಅಲ್ವಾ? ಅದೇ ಕಟ್ಟು. ಅಬ್ಬೆ ಇದ್ದ ಜಾಗದಲ್ಲಿ ಅವ್ವ ಬಂದು ಕೂತಿದ್ದಾಳೆ, ಅಷ್ಟೇ. ಇನ್ನು ಅತ್ತಿ ಅಂದ ಕೂಡಲೇ ನನಗೆ ಅತ್ತಿಮರ ಕಣ್ಣಿಗೆ ಬರುತ್ತದೆ. ಬೊಡ್ಡೆಗೇ ಗೊಂಚಲು ಗೊಂಚಲು ಕಾಯಿ ಬಿಟ್ಟು, ಹಕ್ಕಿ, ಅಳಿಲು, ಇರುವೆ ಎಲ್ಲಕ್ಕೂ ಊಟ ಹಾಕುವ ಮರ. ಮಗಳಿಗೆ ನಾನು ಹಾಗೇ ಹೇಳಿಕೊಟ್ಟಿದ್ದೇನೆ. ತೋಟದ ಅಂಚಿನ ಅತ್ತಿಮರವನ್ನು ಅವಳು ತನ್ನ ಮರ ಅಂತಲೇ ಅಂದುಕೊಂಡಿದ್ದಾಳೆ.

ಆದರೆ ನಾನು ಹೆಸರು ಇಟ್ಟದ್ದು ಅರ್ಥ ನೋಡಿ ಅಲ್ಲ, ಆ ಹೆಂಗಸನ್ನು ನೋಡಿ.

ಅವಳ ಬದುಕು ಸುಲಭದ್ದಾಗಿರಲಿಲ್ಲ. ಚಾಲುಕ್ಯರ ತೈಲಪನ ಕಾಲ. ಅಕ್ಕತಂಗಿ ಇಬ್ಬರನ್ನೂ ನಾಗದೇವ ಅನ್ನುವ ಒಬ್ಬನೇ ದಂಡನಾಯಕನಿಗೆ ಮದುವೆ ಮಾಡಿಕೊಟ್ಟರು. ನಾಗದೇವ ಯುದ್ಧದಲ್ಲಿ ಸತ್ತ. ತಂಗಿ ಗುಂಡಮಬ್ಬೆ ಗಂಡನ ಚಿತೆ ಏರಿದಳು. ಅತ್ತಿಮಬ್ಬೆ ಏರಲಿಲ್ಲ. ಮಗ ಅಣ್ಣಿಗದೇವನನ್ನು ಸಾಕಿದಳು, ವ್ರತ ಹಿಡಿದು ಬದುಕಿದಳು. ಗಂಡನನ್ನೂ ತಂಗಿಯನ್ನೂ ಒಟ್ಟಿಗೆ ಕಳೆದುಕೊಂಡು, ಚಿತೆ ಏರಿದವಳನ್ನು ಊರೆಲ್ಲ ಕೊಂಡಾಡುತ್ತಿದ್ದ ಕಾಲದಲ್ಲಿ, ನಾನು ಇರುತ್ತೇನೆ ಅಂತ ಉಳಿಯುವುದಕ್ಕೆ ಎಷ್ಟು ಗಟ್ಟಿ ಎದೆ ಬೇಕು ಹೇಳು. ನನಗೆ ಅವಳ ದಾನಗಳಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ದಾನವೂ ಸಣ್ಣದಲ್ಲ. ದಾನಚಿಂತಾಮಣಿ ಅನ್ನುವ ಬಿರುದು ಸುಮ್ನೆ ಬರಲಿಲ್ಲ. ಚಿನ್ನದಲ್ಲಿ, ರತ್ನದಲ್ಲಿ 1500 ಜಿನಬಿಂಬ ಮಾಡಿಸಿ ಹಂಚಿದಳು. ಪ್ರವಾಹ ಬಂದ ಗೋದಾವರಿ ಅವಳ ಮಾತಿಗೆ ತಗ್ಗಿತು ಅಂತ ಕತೆಯೂ ಇದೆ. ನಾವು ನೋಡಿದ ಬಸದಿಯದು 1007ರ ಶಾಸನ. ಇವೆಲ್ಲ ಇರಲಿ. ಅವಳು ಮಾಡಿದ ಒಂದು ಕೆಲಸ ಮಾತ್ರ ನನ್ನ ತಲೆಯಿಂದ ಹೋಗುವುದೇ ಇಲ್ಲ. ಪೊನ್ನ ಬರೆದ ಶಾಂತಿಪುರಾಣವನ್ನು ಓಲೆಗರಿಯ ಮೇಲೆ ಒಂದು ಸಾವಿರ ಪ್ರತಿ ಬರೆಸಿ ಹಂಚಿದಳು.

ಸಾವಿರ ಪ್ರತಿ ಅಂದರೆ ಏನು ಅಂತ ಒಂದು ಸಲ ಯೋಚನೆ ಮಾಡು. ಅಚ್ಚಿನ ಮೊಳೆ ಇಲ್ಲ, ಕಾಗದ ಇಲ್ಲ. ತಾಳೆಗರಿ ಕೊಯ್ದು, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ತೂತು ಕೊರೆಯಬೇಕು. ಮೊನಚಾದ ಕಬ್ಬಿಣದ ಕಡ್ಡಿಯಿಂದ ಒಂದೊಂದೇ ಅಕ್ಷರ ಗೀರಬೇಕು, ಜೋರಾಗಿ ಒತ್ತಿದರೆ ಗರಿ ಹರಿಯುತ್ತದೆ. ಆಮೇಲೆ ಮಸಿ ಹಚ್ಚಿ ಒರೆಸಿದರೆ ಅಕ್ಷರ ಕಪ್ಪಾಗಿ ಏಳುತ್ತದೆ. ಇಡೀ ಒಂದು ಪುರಾಣ ಹೀಗೆ. ಅಂಥದ್ದು ಸಾವಿರ. ಅದೂ ಯಾವ ಪುಸ್ತಕ? ಅವಳ ಅಪ್ಪ, ಚಿಕ್ಕಪ್ಪ ಸೇರಿ ತಮ್ಮ ಗುರುವಿನ ನೆನಪಿಗೆ ಪೊನ್ನನಿಂದ ಬರೆಸಿದ್ದು. ಗೆದ್ದಲಿಗೆ, ಮಳೆಗೆ, ಯುದ್ಧಕ್ಕೆ ಅದು ಕಳೆದುಹೋಗಬಾರದು ಅಂತ ಮಗಳು ಹಟ ಹಿಡಿದಳು. ಪುಸ್ತಕ ಉಳಿಯುವುದು ಅದು ಎಷ್ಟು ಮನೆಯಲ್ಲಿದೆ ಅನ್ನುವುದರ ಮೇಲೆ ಅಂತ ಅವಳಿಗೆ ಗೊತ್ತಿತ್ತು. ಈಗಲೂ ನಾವು ಪೊನ್ನನನ್ನು ಓದಬಹುದು.

ರನ್ನನಿಂದ ಅಜಿತಪುರಾಣ ಬರೆಸಿದವಳೂ ಅವಳೇ, 993ರಲ್ಲಿ. ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನ. ಅವಳ ನಡತೆ ಬಿಳಿ ಅರಳೆಯ ಹಾಗೆ, ಗಂಗೆಯ ನೀರಿನ ಹಾಗೆ, ಕೊಪಣದ, ಅಂದರೆ ಈಗಿನ ಕೊಪ್ಪಳದ, ಬೆಟ್ಟದ ಹಾಗೆ ಪವಿತ್ರ ಅಂತ ಅವನು ಬರೆಯುತ್ತಾನೆ. ಗಂಗೆ ಗೊತ್ತು, ಎಲ್ಲರೂ ಹೇಳುತ್ತಾರೆ. ಆ ಬಿಳಿ ಅರಳೆ ನೋಡು! ನಿಮ್ಮ ಕಡೆ ಕಪ್ಪು ಹೊಲದಲ್ಲಿ ಹತ್ತಿ ಬಿರಿದು ನಿಂತದ್ದನ್ನು ಕಂಡವರಿಗೆ ಗೊತ್ತಾಗುತ್ತದೆ ಅದು ಎಂಥ ಮಾತು ಅಂತ.

ಈಗ ನಿನಗೆ ಹೇಳಲೇಬೇಕಾದ ವಿಷಯ. ರನ್ನನಿಗೆ ಇಬ್ಬರು ಮಕ್ಕಳು. ಮಗನ ಹೆಸರು ರಾಯ, ತನಗೆ ಆಸರೆ ಕೊಟ್ಟ ಗಂಗರ ಮಂತ್ರಿ ಚಾವುಂಡರಾಯನ ನೆನಪಿಗೆ. ಮಗಳ ಹೆಸರು ಅತ್ತಿಮಬ್ಬೆ. ಪುರಾಣದಲ್ಲಿ ಹೊಗಳಿದ್ದು ಅವನಿಗೆ ಸಾಕಾಗಲಿಲ್ಲ ಅಂತ ನನಗೆ ಅನಿಸುತ್ತದೆ. ಮನೆಯಲ್ಲಿ ದಿನಾ ಕರೆಯಬೇಕು, ಬೈಯಬೇಕು, ಊಟಕ್ಕೆ ಕೂಗಬೇಕು, ಆ ಹೆಸರು ಬಾಯಲ್ಲಿ ಇರಬೇಕು. ಅವಳು ಪುಸ್ತಕಕ್ಕೆ ಪ್ರತಿ ಮಾಡಿಸಿದಳು, ಅವನು ಅವಳ ಹೆಸರಿಗೇ ಒಂದು ಪ್ರತಿ ಮಾಡಿದ. ಇದು ಹೊಳೆದ ದಿನ ನನ್ನ ಹೆಂಡತಿಗೆ ಏಳನೇ ತಿಂಗಳು. ಹೆಣ್ಣಾದರೆ ಇದೇ ಹೆಸರು ಅಂತ ಅವತ್ತು ರಾತ್ರಿಯೇ ಇಬ್ಬರೂ ಗಟ್ಟಿ ಮಾಡಿದೆವು.

ಹಾಗಾಗಿ ಯಾರೂ ಇಟ್ಟಿರದ ಹೆಸರು ಬೇಕು ಅಂತ ನೀನು ಬರೆದಾಗ ನನಗೆ ಸ್ವಲ್ಪ ಬೇಸರವಾಯಿತು. ಇದು ಒಂದು ಕಾಲದಲ್ಲಿ ಇಟ್ಟ ಹೆಸರು, ಪ್ರೀತಿಯಿಂದ ಇಟ್ಟ ಹೆಸರು. ಈಗ ಎಲ್ಲಿ ಕೇಳುತ್ತೇವೆ ಹೇಳು? ರಾಜ್ಯ ಸರ್ಕಾರ ಹೆಣ್ಣುಮಕ್ಕಳ ಸಾಹಿತ್ಯಕ್ಕೆ ಕೊಡುವ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿಯ ಸುದ್ದಿಯಲ್ಲಿ. ಇಲ್ಲವಾದರೆ ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಮಾರ್ಕಿನ ಪ್ರಶ್ನೆಯಲ್ಲಿ. ಗೌರವ ಬೇಕಾದಷ್ಟಿದೆ, ಕರೆಯುವವರಿಲ್ಲ. ನನ್ನ ಮಗಳ ತರಗತಿಯಲ್ಲಿ ಆದ್ಯಾ ಮೂವರು, ಸಾನ್ವಿ ಇಬ್ಬರು. ಚಂದದ ಹೆಸರುಗಳೇ, ನಾನು ಬೇಡ ಅನ್ನುವುದಿಲ್ಲ. ಇನ್ನೊಬ್ಬ ಅತ್ತಿಮಬ್ಬೆ ಮಾತ್ರ ಈ ಒಂಬತ್ತು ವರ್ಷದಲ್ಲಿ ನಮಗೆ ಸಿಕ್ಕಿಲ್ಲ.

ತೊಂದರೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಮೊದಲ ವಿರೋಧ ನಮ್ಮ ಮನೆಯಲ್ಲೇ ಬಂತು. "ಕೂಸಿಂಗೆ ಅಬ್ಬೆ ಹೇಳಿ ಹೆಸರು ಮಡುಗುದೋ?" ಅಂತ ನನ್ನ ಅಬ್ಬೆ ಗಾಬರಿಯಾದಳು. ತೊಟ್ಟಿಲ ಮಗುವನ್ನು ಅಮ್ಮ ಅಂತ ಕರೆದ ಹಾಗಾಗುತ್ತದೆ ಅಂತ. ನೀನು ನನ್ನನ್ನು ಅಪ್ಪು ಅಂತ ಕರೆದು ಸಾಕಲಿಲ್ವಾ ಅಂದೆ, ಸುಮ್ಮನಾದಳು. ಈಗ ಪೂರ್ತಿ ಹೆಸರು ಹಿಡಿದು ಕರೆಯುವವಳು ಅವಳೊಬ್ಬಳೇ. ಉಳಿದವರಿಗೆಲ್ಲ ಅತ್ತಿ. ಅದು ಜೈನರ ಹೆಸರಲ್ವಾ ಅಂತ ನೆಂಟರೊಬ್ಬರು ಕೇಳಿದರು. ಹೌದು, ಜೈನ ಹೆಂಗಸಿನ ಹೆಸರು, ಕನ್ನಡದ ಹೆಸರು, ನಮ್ಮ ಮನೆಯ ಮಾತು ಅದರೊಳಗೇ ಇದೆ ಅಂದೆ.

ಜನನ ಪ್ರಮಾಣಪತ್ರದಲ್ಲಿ ಅತ್ತಿಮಬ್ಬೆ ಹೋಗಿ ಅತ್ತಿಮಬೆ ಆಗಿ ಬಂತು. ಮೂರು ಸಲ ಓಡಾಡಿ ಸರಿ ಮಾಡಿಸಿದೆ. ನೀನು ಅರ್ಜಿ ಕೊಡುವಾಗ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡು, ಇಂಗ್ಲಿಷಿನಲ್ಲಿ ಎರಡು ಟಿ, ಎರಡು ಬಿ ಇವೆಯಾ ಅಂತ ಅಲ್ಲೇ ನಿಂತು ನೋಡು. ಅವಸರ ಬೇಡ, 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ.

ಶಾಲೆಯಲ್ಲಿ ಒಂದನೇ ಕ್ಲಾಸಿನಲ್ಲಿ ಮಕ್ಕಳು ಅತ್ತೆ, ಅತ್ತೆ ಅಂತ ಕರೆದು ಕಾಡಿದರು. ಅತ್ತೆ ಯಾಕೆ ಅತ್ತೆ ಅಂತ ಪದ್ಯ ಬೇರೆ ಕಟ್ಟಿದರು. ಒಂದು ಸಂಜೆ ಬ್ಯಾಗ್ ಎಸೆದು, ಬೇರೆ ಹೆಸರಿಡಿ ಅಂತ ಅತ್ತಳು. ನನ್ನ ಎದೆ ಒಡೆದ ಹಾಗಾಯಿತು, ನನ್ನ ಆಸೆಗೆ ಮಗುವಿನ ಮೇಲೆ ಭಾರ ಹೊರಿಸಿದೆನಾ ಅಂತ. ಅವತ್ತು ರಾತ್ರಿ ಅವಳಿಗೆ ಪೂರ್ತಿ ಕತೆ ಹೇಳಿದೆ. ಸಾವಿರ ಪುಸ್ತಕದ ಕತೆ. ಮರುದಿನ ತೋಟದಿಂದ ಒಂದು ಹಾಳೆ ತುಂಡು ತಂದು ಕೊಟ್ಟೆ, ಹಳೇ ಮೊಳೆ ಕೊಟ್ಟೆ. ಅಡಿಕೆ ಹಾಳೆಯ ಮೇಲೆ ತನ್ನ ಹೆಸರು ಗೀರಿದಳು. ದೋಸೆ ಕಾವಲಿಯ ಮಸಿ ಹಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಕಪ್ಪು ಅಕ್ಷರ ಒಂದೊಂದಾಗಿ ಎದ್ದು ಬಂದದ್ದು ನೋಡಿ ಕಣ್ಣು ಅರಳಿಸಿದಳು. ತ್ತಿಯ ಒತ್ತು ಹಾಳೆಯಿಂದ ಹೊರಗೆ ಹೋಗಿತ್ತು. ಅದನ್ನು ಶಾಲೆಗೆ ತೆಗೆದುಕೊಂಡು ಹೋಗಿ ಎಲ್ಲರಿಗೂ ತೋರಿಸಿದಳು. ಆಮೇಲೆ ತಮಾಷೆ ತಾನಾಗಿ ನಿಂತಿತು. ಆ ಹಾಳೆ ಈಗಲೂ ಅವಳ ಮೇಜಿನ ಮೇಲಿದೆ, ಅಂಚು ಮುರುಟಿದೆ.

ಮನೆಯಲ್ಲಿ ಇದು ಉದ್ದವಾಯಿತು ಅಂದರೆ ಅಬ್ಬೆ ಅಂತ ಮುಗಿಯುವ ಬೇರೆ ಹೆಸರೂ ಇವೆ. ಜಕ್ಕಿಯಬ್ಬೆ ಹೇಗೆ? ಹತ್ತನೇ ಶತಮಾನದ ಶುರುವಿನಲ್ಲಿ, ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತು ಅನ್ನುವ ನಾಡಿನ ಆಡಳಿತ ವಹಿಸಿಕೊಂಡು ನಡೆಸಿದವಳು. ಶಿಕಾರಿಪುರದ ಕಡೆಯ ಬಂದಳಿಕೆಗೆ ಹೋದರೆ ಅವಳ ನೆನಪಿದೆ. ಸಾವಿಯಬ್ಬೆ ಇದ್ದಾಳೆ, ಗಂಡನ ಜೊತೆ ಕುದುರೆ ಏರಿ ಯುದ್ಧಕ್ಕೆ ಹೋದವಳು, ಶ್ರವಣಬೆಳಗೊಳದ ಕಲ್ಲಿನಲ್ಲಿ ಇದ್ದಾಳೆ. ಆದರೆ ನಿನ್ನ ಮಗಳು ಗದಗದ ಮಗಳು. ನಿಮ್ಮ ಊರಿನ ಹೆಸರು ನನ್ನ ಮನೆಯಲ್ಲಿ ಇದೆ, ನಿಮ್ಮ ಮನೆಯಲ್ಲಿ ಇಲ್ಲ. ನನಗೆ ಅದೇ ಆಸೆ.

ಒಂದು ಕೆಲಸ ಮಾಡು. ಈ ಪತ್ರ ಓದಿ ಯಾರಿಗೂ ಹೇಳಬೇಡ. ಸಂಜೆ ಮಾಳಿಗೆ ಹತ್ತಿ, ಕೆಳಗಿನವರನ್ನು ಊಟಕ್ಕೆ ಕರೆಯುವ ಹಾಗೆ ಗಟ್ಟಿಯಾಗಿ ಹತ್ತು ಸಲ ಕೂಗಿ ನೋಡು. ಅತ್ತಿಮಬ್ಬೇ... ಕೊನೆಯ ಬ್ಬೇ ಎಷ್ಟು ದೂರ ಹೋಗುತ್ತದೆ ಅಂತ ಕೇಳಿಸಿಕೋ. ಬಾಯಿಗೆ ಒಗ್ಗಿದರೆ ಇಡು, ಒಗ್ಗದಿದ್ದರೆ ಬೇರೆ ನೋಡು, ನನಗೇನೂ ಬೇಜಾರಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಗೊತ್ತಾದ ಕೂಡಲೇ ತಿಳಿಸು. ನಿಮ್ಮ ಕಡೆ ಸೋದರತ್ತೆ ಮಗುವಿನ ಕಿವಿಯಲ್ಲಿ ಕುರ್ ಅಂತ ಹೆಸರು ಹೇಳುವಾಗ ಹಿಂದಿನಿಂದ ಬೆನ್ನಿಗೆ ಗುದ್ದುತ್ತಾರಲ್ಲ, ಅದನ್ನು ನೋಡಬೇಕು ಅಂತ ನನ್ನ ಮಗಳು ಈಗಲೇ ಕುಣಿಯುತ್ತಿದ್ದಾಳೆ. ಮರುದಿನ ಲಕ್ಕುಂಡಿಗೂ ಕರೆದುಕೊಂಡು ಹೋಗು. ಅವಳು ಇನ್ನೂ ಆ ಬಸದಿ ನೋಡಿಲ್ಲ.

ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ತಿಳಿಸು. ಎಣಗಾಯಿ ಮಾಡಿಡಲು ಹೇಳು.

ನಿನ್ನ,
ಹಾಸ್ಟೆಲ್ಲಿನ ಪಕ್ಕದ ಮಂಚದವನು