ಮಗಳಿಗೊಂದು ಪತ್ರ: ಸಾಲ ಮಾಡಿ ಕಾಣಿಕೆ ಬೇಡವ್ವಾ

ಮುದ್ದಿನ ಮಗಳಿಗೆ,

ಕರ್ತನ ನಾಮದಲ್ಲಿ ಅಪ್ಪನ ವಂದನೆಗಳು. ನಾವೆಲ್ಲ ಆರಾಮ ಇದ್ದೇವೆ. ನಿಮ್ಮವ್ವನ ಮೊಣಕಾಲು ನೋವು ಈಗ ಕಡಿಮೆ. ಊರಲ್ಲಿ ಸೋಯಾ ರಾಶಿ ಮುಗಿದಿದೆ. ತೊಗರಿ ಹೂವು ಬಿಟ್ಟಿದೆ.

ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ಮಾತು ಕೇಳಿ ನಾನು ಸುಮ್ಮನಾದೆ. ಸಿಟ್ಟು ಬಂತು ಅಂದುಕೊಳ್ಳಬೇಡ. ಫೋನಿನಲ್ಲಿ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾವು ಕಟ್ಟುತ್ತಿರುವ ಚರ್ಚಿನ ಸ್ಲ್ಯಾಬಿಗೆ 90 ಸಾವಿರ ಕಡಿಮೆ ಬೀಳುತ್ತದೆ ಎಂದು ತಿಳಿದು, ಬ್ಯಾಂಕಿನಲ್ಲಿ 1 ಲಕ್ಷ ಪರ್ಸನಲ್ ಲೋನ್ ತೆಗೆದು ಕಳಿಸುತ್ತೇನೆ ಎಂದು ನೀನು ಅಂದೆ. ಅಪ್ಪನೇ ಸಭೆಯ ಖಜಾಂಚಿ, ಆ ಮನೆಯವರೇ ಕೈ ಬಿಗಿ ಹಿಡಿದರೆ ಜನ ಏನಂದಾರು ಅಂದೆ. ಆ ಸಾಲ ಬೇಡವ್ವಾ.

ನಿನ್ನ ಅಪ್ಪ ಗೌಂಡಿ. ಯಾವ ಲೆಕ್ಕ ಬಂದರೂ ಚೀಲದಲ್ಲಿ, ಇಟ್ಟಿಗೆಯಲ್ಲಿ ಎಣಿಸುವವನು. ನೂರಕ್ಕೆ 14 ಬಡ್ಡಿ ಎಂದೆಯಲ್ಲ, ಮೂರು ವರ್ಷಕ್ಕೆ ಕೂಡಿಸಿ ನೋಡಿದೆ. ತಿಂಗಳಿಗೆ ಸುಮಾರು 3,420 ಕಂತು. ಒಟ್ಟು 1 ಲಕ್ಷ 23 ಸಾವಿರ ಕಟ್ಟಬೇಕು. ಮೇಲಿನ 23 ಸಾವಿರಕ್ಕೆ ಈಗಿನ ದರದಲ್ಲಿ 60 ಚೀಲ ಸಿಮೆಂಟ್ ಬರುತ್ತದೆ. ಆ 60 ಚೀಲ ನಮ್ಮ ಗೋಡೆಗೂ ಬರುವುದಿಲ್ಲ, ನಿನ್ನ ಕೈಯಲ್ಲೂ ಉಳಿಯುವುದಿಲ್ಲ. ರಾತ್ರಿ ಪಾಳಿ ಮಾಡಿ ದುಡಿಯುವ ನರ್ಸಿನ ದುಡ್ಡು ಅದು.

ಈಗ ನೀನು ಕೊಟ್ಟಿದ್ದರ ಲೆಕ್ಕ ಕೇಳು. ಹದಿನಾಲ್ಕು ತಿಂಗಳಿಂದ ಒಂದು ತಿಂಗಳೂ ತಪ್ಪದೆ 1,500 ಕಳಿಸಿದ್ದೀಯ. 21 ಸಾವಿರ ಆಯಿತು. ಇಟ್ಟಿಗೆಗೆ 8 ರೂಪಾಯಿ ಹಿಡಿದರೆ 2,600 ಇಟ್ಟಿಗೆ. ಒಂಬತ್ತು ಇಂಚಿನ ಗೋಡೆಯ ಒಂದು ಚದರ ಅಡಿಗೆ 10 ಇಟ್ಟಿಗೆ ಕೂರುತ್ತವೆ. ಅಂದರೆ ವೇದಿಯ ಹಿಂದಿನ ಗೋಡೆ, 25 ಅಡಿ ಅಗಲ, 10 ಅಡಿ ಎತ್ತರ, ಅದರ ಇಟ್ಟಿಗೆಯಷ್ಟು ನೀನು ಕೊಟ್ಟಾಗಿದೆ. ನಾನು ಇದನ್ನು ಯಾರಿಗೂ ಹೇಳಿಲ್ಲ. ಆ ಗೋಡೆ ನೇರ ಇದೆಯೇ ಎಂದು ಓಳಂಬ ಹಿಡಿದಾಗೆಲ್ಲ ನೀನು ನೆನಪಾಗುತ್ತೀಯ.

ಜನ ಏನಂದಾರು ಎಂಬ ಮಾತು ನನಗೆ ಹೊಸದಲ್ಲ. ಪಾಯ ತೋಡಿದಾಗ ಇಲ್ಲಿ ಏನಾಯಿತು ಎಂದು ನಿನಗೆ ಪೂರ್ತಿ ಹೇಳಿರಲಿಲ್ಲ. ಬೀದರ್ ಶಹರದ ಕೆಂಪು ಕಲ್ಲಿನ ನೆಲ ಬೇರೆ, ನಮ್ಮ ಊರಿನ ಎರೆ ಭೂಮಿ ಬೇರೆ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲೆ ಮೇಲೆ ಪಾಯ ಹಾಕಿದರೆ ಎರಡೇ ವರ್ಷದಲ್ಲಿ ಗೋಡೆ ಸೀಳುತ್ತದೆ. ಕೆಳಗಿನ ಗಟ್ಟಿ ಗರಸು ಮಣ್ಣು, ಮುರುಮ, ಸಿಗುವವರೆಗೆ ತೋಡಲೇಬೇಕು ಎಂದು ನಾನು ಹಟ ಹಿಡಿದೆ. 4 ಲಕ್ಷ ನೆಲದ ಕೆಳಗೇ ಹೋಯಿತು. ಮೇಲೆ ನೋಡಿದರೆ ಎರಡು ಅಡಿ ಕಟ್ಟೆ, ಅಷ್ಟೇ. ರೊಕ್ಕ ಎಲ್ಲಿ ಹೋಯಿತು ಎಂದು ಕೆಲವರು ಗುಸುಗುಸು ಅಂದರು. ಎದುರಿಗೆ ಕೇಳಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನಿಮ್ಮವ್ವ ಎರಡು ಭಾನುವಾರ ಊಟ ಮಾಡಲಿಲ್ಲ.

ಆಗ ನನಗೆ ದಾರಿ ತೋರಿಸಿದ್ದು ಎರಡನೆಯ ಅರಸುಗಳು ಪುಸ್ತಕದ 12ನೇ ಅಧ್ಯಾಯ. ನೀನೂ ಒಮ್ಮೆ ಓದು. ಅರಸನಾದ ಯೋವಾಷ ದೇವಾಲಯ ದುರಸ್ತಿ ಮಾಡಿರಿ ಎಂದು ಯಾಜಕರಿಗೆ ಹೇಳಿದ್ದ. ಅವನು ಆಳುತ್ತಿದ್ದ 23ನೇ ವರ್ಷ ಬಂದರೂ ಕೆಲಸ ಆಗಿರಲಿಲ್ಲ. ಕೊನೆಗೆ ಯಾಜಕ ಯೆಹೋಯಾದ ಒಂದು ಪೆಟ್ಟಿಗೆ ತಂದು, ಮುಚ್ಚಳಕ್ಕೆ ತೂತು ಮಾಡಿ, ಯಜ್ಞವೇದಿಯ ಪಕ್ಕ ಇಟ್ಟ. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕ ಮತ್ತು ಮಹಾಯಾಜಕ, ಇಬ್ಬರೂ ಕೂತು ಎಣಿಸಿದರು. ಅದರಿಂದ ಬಡಗಿಗಳಿಗೆ, ಗೌಂಡಿಗಳಿಗೆ, ಕಲ್ಲುಕುಟಿಗರಿಗೆ ಕೂಲಿ ಕೊಟ್ಟರು. ನಮ್ಮಂಥ ಗೌಂಡಿಗಳ ನಂಬಿಗಸ್ತಿಕೆಯನ್ನು ಬೈಬಲ್ಲು ಅಲ್ಲಿ ಬರೆದಿಟ್ಟಿದೆ. ಓದಿದಾಗ ನನ್ನ ಕಣ್ಣು ತುಂಬಿ ಬಂತು.

ಮರುವಾರವೇ ನಾನು ಪಾಸ್ಟರ್ ಅಯ್ಯನವರ ಹತ್ತಿರ ಹೋಗಿ, ಒಬ್ಬನೇ ರೊಕ್ಕ ಎಣಿಸುವುದಿಲ್ಲ ಅಂದೆ. ಈಗ ಮೂವರು ಎಣಿಸುತ್ತೇವೆ, ಅದರಲ್ಲಿ ಒಬ್ಬಳು ಹೆಣ್ಣುಮಗಳು. ತಿಂಗಳ ಮೊದಲ ಭಾನುವಾರ ಜಮಾ ಖರ್ಚು ಎಲ್ಲರ ಮುಂದೆ ಓದುತ್ತೇನೆ. ಬಿಲ್ಲುಗಳ ಫೈಲು ಬಾಗಿಲ ಬಳಿ ಇರುತ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಹೊಲದ ಜಾಗವನ್ನು ಕಟ್ಟಡಕ್ಕೆ ಬಳಸಲು ಪಡೆದ ಎನ್‌ಎ ಕಾಗದವೂ ಅದರಲ್ಲೇ ಇದೆ. ಜಾಗ ಸಭೆಯ ಹೆಸರಿನಲ್ಲಿದೆ, ಯಾವ ಮನುಷ್ಯನ ಹೆಸರಿನಲ್ಲೂ ಇಲ್ಲ. ಆದರೆ ಯಾರು ಎಷ್ಟು ಕೊಟ್ಟರು ಎಂದು ಮಾತ್ರ ಓದುವುದಿಲ್ಲ. ರಸೀದಿ ಅವರವರ ಕೈಗೆ. ಹೀಗಿರುವಾಗ ನಮ್ಮ ಮನೆಯವರು ಎಷ್ಟು ಕೊಟ್ಟರೆಂದು ಜನಕ್ಕೆ ಹೇಗೆ ಗೊತ್ತಾಗಬೇಕು, ಹೇಳು?

ನೀನು ಚಿಕ್ಕವಳಿದ್ದಾಗ ನಾವು ಹನ್ನೆರಡು ಮನೆಯವರು ಒಬ್ಬರ ಪಡಸಾಲೆಯಲ್ಲಿ ಕೂಡುತ್ತಿದ್ದೆವು. ಈಗ 64 ಮನೆ. ತಗಡಿನ ಶೆಡ್ಡಿನಲ್ಲಿ ಮಳೆ ಹೊಡೆದರೆ ವಾಕ್ಯ ಕೇಳಿಸುವುದಿಲ್ಲ. ಮೇ ತಿಂಗಳಲ್ಲಿ ಕೂಸುಗಳನ್ನು ಎತ್ತಿಕೊಂಡು ತಾಯಂದಿರು ಹೊರಗೆ ಬೇವಿನ ನೆರಳಿಗೆ ಹೋಗುತ್ತಾರೆ. ಚರ್ಚು ಬೇಕು, ಬೇಗ ಬೇಕು ಎಂದು ನನಗೂ ಇದೆ. ಆದರೂ ಈ 64 ಮನೆಗಳಲ್ಲಿ ಸಂಬಳದವರು ಕೆಲವರೇ. ಉಳಿದವರಲ್ಲಿ ಕೂಲಿಯವರು ವಾರಕ್ಕೊಮ್ಮೆ ಕೊಡುತ್ತಾರೆ. ಒಕ್ಕಲುತನದವರು ಹೆಸರು, ಸೋಯಾ, ತೊಗರಿ ರಾಶಿ ಆದಾಗ ಕೊಡುತ್ತಾರೆ. ಹೆಂಗಸರು ರೊಟ್ಟಿಯ ಹಿಟ್ಟು ತೆಗೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕುತ್ತಾರೆ. ಮಿಜೋರಾಂನ ಸಭೆಗಳಲ್ಲಿ ಹೀಗೇ ಹಿಡಿ ಅಕ್ಕಿ ತೆಗೆದಿಡುವ ಪದ್ಧತಿ 1910ರಿಂದ ಇದೆಯಂತೆ, ಅಯ್ಯನವರು ಹೇಳಿದರು. ನಮ್ಮಲ್ಲಿ ಅದು ಜೋಳದ ಹಿಟ್ಟು.

ಸುಗ್ಗಿ ಹಬ್ಬದಲ್ಲಿ ಒಬ್ಬ ಮುದುಕಿ ಒಂದು ಕುಂಬಳಕಾಯಿ ತಂದಿದ್ದಳು. ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ಹಿಡಿದವರು ಅದನ್ನು ಮತ್ತೆ ಸಭೆಗೇ ಕೊಟ್ಟರು. ಅದು ಐದು ಸಲ ಸವಾಲಾಯಿತು. ಒಟ್ಟು 2,300 ಬಂತು. ಕೊನೆಗೆ ಹಿಡಿದವರು ಕಾಯಿಯನ್ನು ಆ ಮುದುಕಿಯ ಮನೆಗೇ ಒಯ್ದು ಇಟ್ಟು ಬಂದರು. ನೀನು ಇರಬೇಕಿತ್ತು.

ಪಕ್ಕದ ತಾಲೂಕಿನ ಒಂದು ಸಭೆಯ ಕೆಲಸಕ್ಕೆ ನಾನು ಹೋಗಿದ್ದೆ. ಒಬ್ಬ ದೊಡ್ಡವರು ಮೇಲ್ಛಾವಣಿ ಪೂರ್ತಿ ನನ್ನದು ಅಂದಿದ್ದರು. ಜನ ಅದನ್ನೇ ನಂಬಿ ಕೊಡುವುದು ಬಿಟ್ಟರು. ಅವರ ವ್ಯಾಪಾರ ಕೆಟ್ಟಿತು. ಕಂಬಗಳ ಮೇಲೆ ರಾಡು ತುಕ್ಕು ಹಿಡಿದು ವರ್ಷಗಟ್ಟಲೆ ನಿಂತವು. ನಿನ್ನ 1 ಲಕ್ಷ ಬಂದರೆ ಇಲ್ಲೂ ಹಿಟ್ಟಿನ ಡಬ್ಬಿ ನಿಲ್ಲಬಹುದು ಎಂದು ನನಗೆ ನಿಜವಾಗಿಯೂ ಭಯ. ಪೌಲನು ಕೊರಿಂಥದವರಿಗೆ ಬರೆದದ್ದೂ ಇದನ್ನೇ ಅಲ್ವಾ? ಇರುವುದರಿಂದ ಕೊಟ್ಟರೆ ದೇವರಿಗೆ ಮೆಚ್ಚುಗೆ, ಇಲ್ಲದ್ದನ್ನು ಆತ ಕೇಳುವುದಿಲ್ಲ.

ನಾನೂ ಚರ್ಚಿಗೆ ಕಳಿಸಬಹುದೇ ಎಂದು ಲಂಡನ್ನಿನಲ್ಲಿರುವ ನಿನ್ನ ಗೆಳತಿ ಕೇಳಿದ್ದಕ್ಕೆ ಉತ್ತರ: ಅವಳ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ ಇದ್ದರೆ, ತನ್ನ ಸ್ವಂತ ದುಡಿಮೆಯದನ್ನು ಬ್ಯಾಂಕ್ ಮೂಲಕ ಕಳಿಸಬಹುದು. ಅಲ್ಲಿನ ಬೇರೆಯವರಿಂದ ಕೂಡಿಸಿ ಕಳಿಸುವುದು ಬೇಡ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ, ನೋಂದಣಿ ಬೇಕು, ನಮ್ಮ ಸಭೆಗೆ ಇಲ್ಲ.

ಸ್ಲ್ಯಾಬಿಗೂ ಬೀಮಿಗೂ ಸೇರಿ 140 ಚೀಲ ಸಿಮೆಂಟ್, 2 ಟನ್ ಕಬ್ಬಿಣ ಬರೆದುಕೊಂಡಿದ್ದೇನೆ. ಖಡಿ, ಉಸುಕು, ಸೆಂಟ್ರಿಂಗ್ ಎಲ್ಲ ಸೇರಿ ಮೂರೂವರೆ ಲಕ್ಷ. ಖಾತೆಯಲ್ಲಿ 2 ಲಕ್ಷ 60 ಸಾವಿರ ಇದೆ. ನನ್ನ ಕೂಲಿ ಹಚ್ಚಿಲ್ಲ, ಅದು ನನ್ನ ಕಾಣಿಕೆ. ತೊಗರಿ ರಾಶಿ ಆಗಲಿ. ಬೆಳೆ ಕೈಕೊಟ್ಟರೆ ಯಾರ ಮನೆಗೂ ವಸೂಲಿಗೆ ಹೋಗುವುದಿಲ್ಲ, ಕಾಯುತ್ತೇವೆ. ನೀನು 1,500 ಕಳಿಸುತ್ತಿರು. ಕೈ ಬಿಗಿಯಾದ ತಿಂಗಳು ಅದನ್ನೂ ಕಡಿಮೆ ಮಾಡು.

ಎಲ್ಲ ಕೂಡಿಬಂದರೆ ಜನವರಿ ಕೊನೆಗೆ ಸ್ಲ್ಯಾಬ್ ಹಾಕುತ್ತೇವೆ. ಆಮೇಲೆ ಹದಿನಾಲ್ಕು ದಿನ ಬಿಡದೆ ನೀರು ನಿಲ್ಲಿಸಬೇಕು. ಹೆಂಗಸರು ಪಾಳಿ ಹಚ್ಚಿಕೊಂಡಿದ್ದಾರೆ. ಎರಡನೇ ಮತ್ತು ಮೂರನೇ ದಿನಕ್ಕೆ ನಿಮ್ಮವ್ವ ನಿನ್ನ ಹೆಸರು ಬರೆಸಿದ್ದಾಳೆ. ಈಗಲೇ ರಜೆ ಕೇಳಿಡು.

ನಿನ್ನ ಅಪ್ಪ