ನಮ್ಮ ತರಬೇತಿ ಕೋಣೆಗೊಂದು ಆಟೋಕ್ಲೇವ್ ಬೇಕಾಗಿದೆ

ಆತ್ಮೀಯರೇ,

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ತೀರ್ಥಹಳ್ಳಿ ಕಡೆಯ ನಮ್ಮ ಪುಟ್ಟ ಟ್ರಸ್ಟ್‌ಗೆ ಒಂದು ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಮಶೀನ್, ಬೇಕು. ಅದಕ್ಕೆ ಬೇಕಾದ ಸಾಮಾನು, ವೈರಿಂಗ್, ಸಿಂಕ್ ಎಲ್ಲ ಸೇರಿ 3.5 ಲಕ್ಷ ರೂಪಾಯಿ ಆಗುತ್ತದೆ. ಆಸ್ಪತ್ರೆಯ ಕತ್ತರಿ, ಫೋರ್ಸೆಪ್ಸ್ (ಚಿಮಟ), ಗಾಯಕ್ಕಿಡುವ ಗಾಜ್, ಬಟ್ಟೆಗಳನ್ನು ತೊಳೆದು, ಜೋಡಿಸಿ, ಒಂದು ಕ್ರಿಮಿಯೂ ಉಳಿಯದಂತೆ ಮಾಡಿ ಓಟಿಗೆ (ಆಪರೇಷನ್ ಥಿಯೇಟರ್‌ಗೆ) ಕಳಿಸುವ ಕೆಲಸ ಇದೆಯಲ್ಲ, ಅದನ್ನು ನಮ್ಮ ಸುತ್ತಿನ ಹುಡುಗ ಹುಡುಗಿಯರಿಗೆ ಕಲಿಸಬೇಕು ಅಂತ ಹೊರಟಿದ್ದೇವೆ. ದೊಡ್ಡ ಆಸ್ಪತ್ರೆಗಳಲ್ಲಿ ಈ ವಿಭಾಗಕ್ಕೆ ಸಿಎಸ್‌ಎಸ್‌ಡಿ ಅನ್ನುತ್ತಾರೆ. ರೋಗಿಗಳಾಗಲಿ ಅವರ ಮನೆಯವರಾಗಲಿ ಅದನ್ನು ನೋಡುವುದೇ ಇಲ್ಲ.

ನಾನು ಓಟಿ ಸಿಸ್ಟರ್ ಆಗಿದ್ದವಳು, ಈಗ ನಿವೃತ್ತಿ. ಟ್ರಸ್ಟ್‌ನವರು "ನೀವೇ ಬರೆಯಿರಿ ಸಿಸ್ಟರ್, ನಮಗಿಂತ ನಿಮಗೆ ಗೊತ್ತು" ಅಂದರು. ಹಾಗಾಗಿ ಒಂದು ಆಷಾಢದ ಕತೆಯನ್ನೇ ಹೇಳುತ್ತೇನೆ.

ಯಾವ ಆಸ್ಪತ್ರೆ ಅನ್ನೋದು ಬೇಡ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಸಿಸೇರಿಯನ್‌ಗೆ ಒಬ್ಬ ಹೆಣ್ಣುಮಗಳನ್ನು ಟೇಬಲ್ ಮೇಲೆ ಮಲಗಿಸಿ ಆಗಿತ್ತು. ಆಪರೇಷನ್ ಸಾಮಾನನ್ನು ಬಟ್ಟೆಯಲ್ಲಿ ಸುತ್ತಿಟ್ಟ ಗಂಟಿಗೆ ಸೆಟ್ ಅನ್ನುತ್ತೇವೆ, ನಾನು ಅದನ್ನು ಬಿಚ್ಚಲು ಹೋದೆ. ಮೇಲಿನ ಟೇಪಿನ ಗೆರೆಗಳು ಕಪ್ಪಗೆ ತಿರುಗಿದ್ದವು. ಅಂದರೆ ಸೆಟ್ ಆಟೋಕ್ಲೇವ್‌ಗೆ ಹೋಗಿ ಬಂದಿದೆ. ಆದರೆ ಕೈಗೆ ಬಟ್ಟೆ ತಣ್ಣಗೆ, ಒದ್ದೆ. ಎರಡನೇ ಸೆಟ್ಟೂ ಹಾಗೇ. ಡಾಕ್ಟರ್ ಕೈ ತೊಳೆದು ನಿಂತಿದ್ದಾರೆ, ಆ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಮೂರನೆಯದು ಒಣಗಿತ್ತು, ನಮ್ಮ ಪುಣ್ಯ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ಒದ್ದೆ ಬಟ್ಟೆ ಹೊರಗಿನ ಕ್ರಿಮಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಒದ್ದೆ ಸೆಟ್ ಅಂದರೆ ಕೆಟ್ಟ ಸೆಟ್, ಟೇಪು ಏನೇ ಹೇಳಲಿ. ಸರಿಯಾಗಿ ಒಣಗದ ಅಡಿಕೆಯನ್ನು ಚೀಲಕ್ಕೆ ತುಂಬಿದರೆ ಏನಾಗುತ್ತೆ ಅಂತ ಗೊತ್ತಿರುವ ನಿಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ.

ಅವತ್ತು ಮಶೀನ್ ನೋಡಿಕೊಳ್ಳುತ್ತಿದ್ದ ಹುಡುಗನಿಗೆ ಎಲ್ಲರೂ ಬೈದರು. ನಾನೂ ಬೈದೆ. ಅವಸರದಲ್ಲಿ ಮಶೀನಿಗೆ ಒತ್ತೊತ್ತಿ ತುಂಬಿದ್ದ, ಒಣಗಲು ಬಿಡದೆ ಬಾಗಿಲು ತೆಗೆದಿದ್ದ. ಸಂಜೆ ಕೇಳಿದೆ, "ನಿಂಗೆ ಇದನ್ನ ಕಲಿಸಿದ್ದು ಯಾರೋ?" "ಮುಂಚೆ ಇದ್ದ ಅಣ್ಣ ಕೆಲಸ ಬಿಡೋ ದಿನ ಬೆಳಿಗ್ಗೆ ತೋರಿಸಿಕೊಟ್ಟು ಹೋದ್ರು ಸಿಸ್ಟರ್" ಅಂದ. ಒಂದು ಬೆಳಿಗ್ಗೆ! ಬೈದಿದ್ದಕ್ಕೆ ನನಗೇ ನಾಚಿಕೆಯಾಯಿತು.

ಆಟೋಕ್ಲೇವ್ ಅಂದರೆ ದೊಡ್ಡ ಕುಕ್ಕರ್, ಅದರಲ್ಲಿ ಕಲಿಯೋದೇನು ಅಂತ ಕೇಳುವವರಿದ್ದಾರೆ. ಕುಕ್ಕರ್ ನಿಜ. 1879ರಲ್ಲಿ ಫ್ರಾನ್ಸ್‌ನ ಶಾರ್ಲ್ ಶಾಂಬರ್ಲಾನ್ ಇದನ್ನು ಮಾಡಿದ್ದು. ಬರೀ ಕುದಿಸಿದರೆ ಸಾಯದ ಬೀಜಾಣುಗಳಿವೆ (ಗಟ್ಟಿ ಕವಚದೊಳಗೆ ಅಡಗಿ ಕೂತ ಕ್ರಿಮಿಗಳು), ಧನುರ್ವಾಯುವಿನದೂ ಅಂಥದ್ದೇ. ನಾವು ಚಿಕ್ಕವರಿದ್ದಾಗ ಕಾಂಪೌಂಡರ್ ಗಾಜಿನ ಸಿರಿಂಜನ್ನು ಸ್ಟೀಲ್ ಡಬ್ಬಿಯಲ್ಲಿ ಕುದಿಸಿ ಅದರಲ್ಲೇ ಊರಿಗೆಲ್ಲ ಚುಚ್ಚುತ್ತಿದ್ದರು, ನೆನಪಿದೆಯಾ? ಈಗ ಯೋಚಿಸಿದರೆ ಮೈ ಜುಂ ಅನ್ನುತ್ತದೆ. ಒತ್ತಡದ ಹಬೆಯಲ್ಲಿ ಶಾಖ 121 ಡಿಗ್ರಿಗೆ ಏರುತ್ತದೆ, ಗಾಳಿಯನ್ನು ಹೀರಿ ತೆಗೆಯುವ ವ್ಯಾಕ್ಯೂಮ್ ಇರುವ ಮಶೀನುಗಳಲ್ಲಿ 134ಕ್ಕೆ. ಆದರೆ ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗಿರಬೇಕು. ಗಾಳಿ ಉಳಿದ ಜಾಗಕ್ಕೆ ಹಬೆ ಮುಟ್ಟುವುದಿಲ್ಲ. ಗೇಜು ಮಾತ್ರ ಒತ್ತಡ ಸರಿಯಾಗಿದೆ ಅಂತಲೇ ತೋರಿಸುತ್ತಿರುತ್ತದೆ!

ಅದಕ್ಕೂ ಮುಂಚೆ ತೊಳೆಯುವುದಿದೆ. ನನ್ನ ಪ್ರಕಾರ ಅರ್ಧ ವಿದ್ಯೆ ಸಿಂಕ್ ಹತ್ತಿರವೇ ಇರುವುದು. ರಕ್ತ ಹತ್ತಿದ ಕತ್ತರಿಗೆ ಸುಡುನೀರು ಹಾಕಬಾರದು, ರಕ್ತ ಬೆಂದು ಅಂಟಿಕೊಳ್ಳುತ್ತದೆ. ಬಟ್ಟೆಗೆ ರಕ್ತ ತಾಗಿದರೆ ತಣ್ಣೀರಲ್ಲೇ ನೆನೆಸು ಅಂತ ಅಮ್ಮ ಹೇಳುತ್ತಿದ್ದದ್ದೂ ಇದೇ. ರಕ್ತನಾಳ ಒತ್ತಿ ಹಿಡಿಯುವ ಆರ್ಟರಿ ಫೋರ್ಸೆಪ್ಸ್ ಹಿಡಿದು ನೋಡಿ, ಬಾಯಿಯಲ್ಲಿ ಸಣ್ಣ ಸಣ್ಣ ಹಲ್ಲು, ನಡುವೆ ಒಂದು ಕೀಲು. ಪೂರ್ತಿ ಬಿಚ್ಚಿ, ನೀರೊಳಗೇ ಮುಳುಗಿಸಿಕೊಂಡು, ಆ ಕೀಲಿಗೆ ಬ್ರಷ್ ಹಾಕಬೇಕು. ನೀರಿನ ಮೇಲೆ ಹಿಡಿದು ಉಜ್ಜಿದರೆ ಹನಿ ನಿಮ್ಮ ಮುಖಕ್ಕೇ ಹಾರುತ್ತದೆ. ಕೀಲಲ್ಲಿ ಕೊಳೆ ಉಳಿದರೆ ಹಬೆ ಅದರಡಿಗೆ ಹೋಗುವುದಿಲ್ಲ. ಆಮೇಲೆ ಎಷ್ಟು ಬೇಯಿಸಿದರೂ ಸುಮ್ನೆ.

ಮಶೀನ್ ನಿಜವಾಗಲೂ ಕೆಲಸ ಮಾಡಿದೆಯಾ ಅಂತ ನೋಡಲು ಬಹಳ ಶಾಖ ತಡೆಯುವ ಒಂದು ಜಾತಿಯ ಬೀಜಾಣುಗಳನ್ನು ಸಣ್ಣ ಸೀಸೆಯಲ್ಲಿಟ್ಟು ಸೆಟ್‌ಗಳ ಜೊತೆ ಒಳಗೆ ಹಾಕುತ್ತಾರೆ. ಹೊರಗೆ ತೆಗೆದು ಬೆಚ್ಚಗಿಟ್ಟಾಗ ಸೀಸೆಯ ಬಣ್ಣ ನೇರಳೆಯಿಂದ ಹಳದಿಗೆ ತಿರುಗಿದರೆ ಅವು ಬದುಕಿವೆ ಅಂತ ಅರ್ಥ. ಆ ಸಲ ಹಾಕಿದ್ದನ್ನೆಲ್ಲ ವಾಪಸ್ ತರಿಸಬೇಕು. ಇದನ್ನು ಬೋರ್ಡ್ ಮೇಲೆ ಚಿತ್ರ ಬರೆದು ಕಲಿಸಲಾಗುವುದಿಲ್ಲ. ಬೇಕೆಂದೇ ತಪ್ಪಾಗಿ ತುಂಬಿಸಿ, ಒದ್ದೆ ಸೆಟ್ ಹೊರಗೆ ತೆಗೆಸಿ, ಮಕ್ಕಳ ಕೈಗೇ ಕೊಟ್ಟು ತೋರಿಸಬೇಕು. ಆಸ್ಪತ್ರೆಯ ಮಶೀನಿನಲ್ಲಿ ಹಾಗೆ ಮಾಡಲು ಯಾರು ಬಿಡುತ್ತಾರೆ? ನಮಗೆ ಸ್ವಂತದ್ದು ಬೇಕು ಅನ್ನುವುದು ಅದಕ್ಕೇ.

ಹಬೆಯ ಶಾಖ ತಡೆಯದ ಸಾಮಾನಿನ ಕ್ರಿಮಿ ಕೊಲ್ಲಲು ಇಟಿಒ (ಎಥಿಲೀನ್ ಆಕ್ಸೈಡ್) ಗ್ಯಾಸ್, ಪ್ಲಾಸ್ಮಾ ಮಶೀನ್ ಇವೆ. ಗ್ಯಾಸ್ ವಿಷ, ಅದನ್ನು ನಮ್ಮಲ್ಲಿ ತರುವುದಿಲ್ಲ. ಪಾಠ ಮಾತ್ರ.

ಕಲಿಯಲು ಬರುವವರು ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಮುಗಿಸಿ, ನರ್ಸಿಂಗ್‌ಗೆ ಸೇರಲು ದುಡ್ಡಿಲ್ಲದೆ ಮನೆಯಲ್ಲಿರುವವರು. ಅವರಿಗೂ ನಿಮಗೂ ಒಂದು ಮಾತು ಸ್ಪಷ್ಟವಾಗಿರಲಿ. ನಾವು ಕೊಡುವ ಪತ್ರ ಸರ್ಕಾರದ ಡಿಪ್ಲೊಮಾ ಅಲ್ಲ. ಕೆಲಸ ಖಂಡಿತ ಅಂತ ನಾನು ಮಾತು ಕೊಡುವುದಿಲ್ಲ. ದಿನವಿಡೀ ನಿಂತು, ಸೆಕೆಯಲ್ಲಿ ಮಾಡುವ ಕೆಲಸ, ಶುರುವಿಗೆ ಸಂಬಳವೂ ದೊಡ್ಡದಲ್ಲ. ಆದರೆ ಶಿವಮೊಗ್ಗ, ಮಣಿಪಾಲ, ಮಂಗಳೂರು ಎಲ್ಲೇ ಆಪರೇಷನ್ ನಡೆಯಲಿ, ಈ ಕೆಲಸ ಗೊತ್ತಿರುವ ಕೈ ಬೇಕೇ ಬೇಕು. ಮುಂದೆ ಓದುವ ಮನಸ್ಸಿದ್ದರೆ ಪ್ಯಾರಾಮೆಡಿಕಲ್ ಬೋರ್ಡ್‌ನ ಓಟಿ ಟೆಕ್ನಾಲಜಿ ಡಿಪ್ಲೊಮಾ ಇದೆ.

ಇನ್ನೊಂದು ಖರ್ಚು ಯಾರಿಗೂ ಹೊಳೆಯುವುದಿಲ್ಲ. ಚೂಪಾದ ಸಾಮಾನು ಮುಟ್ಟುವ ಪ್ರತಿಯೊಬ್ಬರಿಗೂ ರಕ್ತದಿಂದ ಅಂಟುವ ಲಿವರ್ ಕಾಯಿಲೆ ಹೆಪಟೈಟಿಸ್ ಬಿಗೆ ಲಸಿಕೆ ಹಾಕಿಸಬೇಕು. ಮೊದಲನೆಯದು ಆದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಆಸ್ಪತ್ರೆಗೆ ಅಭ್ಯಾಸಕ್ಕೆ ಕಳಿಸುವ ಮೊದಲೇ ಇದನ್ನು ಶುರು ಮಾಡಿಸುತ್ತೇವೆ. ಇಡೀ ಮಶೀನ್ ಯಾರೋ ಒಬ್ಬರೇ ಕೊಡಿಸಲಿ ಅಂತ ನಾವು ಕಾಯುತ್ತಿಲ್ಲ. ಒಬ್ಬ ಹುಡುಗಿಯ ಲಸಿಕೆ ಖರ್ಚು ವಹಿಸಿಕೊಂಡರೂ ಅದು ದೇಣಿಗೆಯೇ.

ಮಂಡಿಯಿಂದ ಅಡಿಕೆ ದುಡ್ಡು ಬಂದ ಮೇಲೆ ಕೊಡುತ್ತೇನೆ ಅಂದವರ ಹೆಸರನ್ನೂ ಬರೆದುಕೊಳ್ಳುತ್ತಿದ್ದೇವೆ. ಐನೂರಾದರೂ ಸರಿ, ರಸೀದಿ ಕೊಡುತ್ತೇವೆ. ಮಶೀನಿನ ಕೊಟೇಶನ್ ಮತ್ತು ಬಂದ ಹಣದ ಲೆಕ್ಕ ಟ್ರಸ್ಟ್ ಕಚೇರಿಯ ಗೋಡೆ ಮೇಲೆ ಅಂಟಿಸಿರುತ್ತದೆ, ಬಂದು ನೋಡಬಹುದು. ದುಡ್ಡು ಬೇಡ, ಅಕ್ಕಿ ಕೊಡುತ್ತೇನೆ ಅನ್ನುವವರಿಗೂ ಸ್ವಾಗತ. ದೂರದಿಂದ ಬರುವ ಮಕ್ಕಳಿಗೆ ಮಧ್ಯಾಹ್ನದ ಊಟ ಇಲ್ಲೇ.

ಡಾಕ್ಟರುಗಳಲ್ಲಿ ಒಂದು ಬೇಡಿಕೆ. ನಿಮ್ಮ ನರ್ಸಿಂಗ್ ಹೋಮ್‌ನಲ್ಲಿ ಬಳಸದೆ ಬಿಟ್ಟ ಹಳೇ ಕತ್ತರಿ, ಫೋರ್ಸೆಪ್ಸ್, ಸ್ಟೀಲ್ ಡ್ರಮ್ ಇದ್ದರೆ ಗುಜರಿಗೆ ಹಾಕಬೇಡಿ, ಶುಚಿ ಮಾಡಿಸಿ ನಮಗೆ ಕೊಡಿ. ಕೀಲು ಬಿಗಿದಿದ್ದರೂ ತುಕ್ಕು ಹಿಡಿದಿದ್ದರೂ ನಡೆಯುತ್ತದೆ. ಎಂಥದ್ದನ್ನು ಓಟಿಗೆ ಕಳಿಸಬಾರದು ಅಂತ ತೋರಿಸಲು ಅಂಥವೂ ನಾಲ್ಕು ಬೇಕಲ್ವಾ?